ತಯಾರಿಸುವ ವಸ್ತು: ಎಣ್ಣೆ

ನಾನು ಬರೆದ ಅರ್ಜಿ ವಾಪಸ್ ಬರುವುದಿಲ್ಲ ಎಂದು ಪೀಣ್ಯದ ನಮ್ಮ ಕಡೆ ಒಂದು ಮಾತಿದೆ. ಆ ಮಾತನ್ನು ಹುಟ್ಟಿಸಿದವನು ನಾನೇ. ಇಪ್ಪತ್ತು ವರ್ಷದಿಂದ ಜೆರಾಕ್ಸ್ ಅಂಗಡಿ ಇಟ್ಟುಕೊಂಡು, ಅದರ ಜೊತೆಗೆ ಅರ್ಜಿ ಬರೆದುಕೊಡುವ ಕಸುಬು ಮಾಡಿಕೊಂಡು ಬಂದವನು ತನ್ನ ಬೆನ್ನು ತಾನೇ ತಟ್ಟಿಕೊಳ್ಳದಿದ್ದರೆ ಇನ್ಯಾರು ತಟ್ಟುತ್ತಾರೆ? ಖಾತೆ ಬದಲಾವಣೆ, ಕರೆಂಟ್ ಮೀಟರು, ವಿಧವಾ ವೇತನ, ಟ್ರೇಡ್ ಲೈಸೆನ್ಸು, ಯಾವುದೇ ಇರಲಿ, ಯಾವ ಕಾಲಮಿನಲ್ಲಿ ಯಾವ ಪದ ಬಿದ್ದರೆ ಕಡತ ಮುಂದೆ ಹೋಗುತ್ತದೆ ಎನ್ನುವುದು ನನಗೆ ಬಾಯಿಪಾಠ. ಆ ಜಂಬದಲ್ಲೇ ನಾನು ಒಬ್ಬ ಒಳ್ಳೆಯ ಮನುಷ್ಯರ ಮಾನ ಕಳೆದೆ. ಅವರು ತೀರಿಕೊಂಡು ಮೂರು ತಿಂಗಳಾಯಿತು. ಅವರ ಬಗ್ಗೆ ನಾಲ್ಕು ಮಾತು ಬರೆಯೋಣವೆಂದು ಕೂತರೆ ಮೊದಲು ಇದನ್ನೇ ಬರೆಯಬೇಕಾಗುತ್ತದೆ, ಏನು ಮಾಡಲಿ.

ಹೆಸರು ಬೇಡ. ಬೀದಿಯಲ್ಲಿ ಯಾರೂ ಅವರನ್ನು ಹೆಸರು ಹಿಡಿದು ಕರೆದದ್ದೂ ಇಲ್ಲ. ಎಲ್ಲರಿಗೂ ಅವರು ಫೋರ್ಮನ್ನರು. ಪೀಣ್ಯದ ಒಂದು ಕಾರ್ಖಾನೆಯ ಟೂಲ್‌ರೂಮಿನಲ್ಲಿ ಮೂವತ್ತೈದು ವರ್ಷ ಕಬ್ಬಿಣ ಕೊರೆದು ನಿವೃತ್ತರಾಗಿ, ನಮ್ಮ ಮನೆಯಿಂದ ಎರಡು ಮನೆ ಆಚೆ ಇದ್ದರು. ಗಂಡ ಹೆಂಡತಿ ಇಬ್ಬರೇ, ಮಕ್ಕಳಿರಲಿಲ್ಲ. ಮನೆಯ ಹಿಂದೆ ಶೀಟು ಹೊದಿಸಿದ ಒಂದು ಶೆಡ್ಡು, ಅದರಲ್ಲಿ ಲೋಹ ಕಡೆಯುವ ಒಂದು ಚಿಕ್ಕ ಲೇತು. ಎದೆ ಜೇಬಿನಲ್ಲಿ ಪೆನ್ನಿನ ಬದಲು ಕೂದಲೆಳೆಯಷ್ಟನ್ನೂ ಅಳೆಯುವ ವರ್ನಿಯರ್ ಕ್ಯಾಲಿಪರ್. ಕಾಫಿ ಕುಡಿದ ಮೇಲೂ ಮಷಿನ್ ಒರೆಸುವ ಹತ್ತಿ ವೇಸ್ಟಿನಲ್ಲಿ ಕೈ ಒರೆಸಿಕೊಳ್ಳುವ ಅಭ್ಯಾಸ. ಅವರ ಮುಂದೆ ‘ಸುಮಾರು’ ಎಂದು ಬಾಯಿ ಬಿಟ್ಟರೆ ಮುಗಿಯಿತು.

“ಸುಮಾರು ಅಂದ್ರೆ ಎಷ್ಟಯ್ಯಾ? ಹೆಚ್ಚೋ, ಕಮ್ಮಿನೋ?”

ಬೀದಿಯ ಮೂಲೆಯಲ್ಲಿ ಹಾವೇರಿ ಕಡೆಯ ಒಬ್ಬ ಹೆಂಗಸು ಮಿರ್ಚಿ ಅಂಗಡಿ ಇಟ್ಟಿದ್ದಾಳೆ. ಎಲ್ಲರಿಗೂ ಅವಳು ಮಿರ್ಚಿ ಅಕ್ಕ. ಸಂಜೆ ಫ್ಯಾಕ್ಟರಿ ಬಿಟ್ಟ ಮೇಲೆ ಅವಳ ಬಾಣಲೆಯ ಸುತ್ತ ಜನವೋ ಜನ. ಫೋರ್ಮನ್ನರು ಅಲ್ಲಿಗೆ ಹೋದರೆ ಮಿರ್ಚಿಯನ್ನು ಬಾಯಿಗಿಡುವ ಮೊದಲು ವರ್ನಿಯರಿಗೆ ಇಡುವವರು. “ನಿನ್ನೇದು ಎರಡು ಮಿಲಿಮೀಟರ್ ದಪ್ಪ ಇತ್ತಲ್ಲಮ್ಮಾ” ಎಂದರೆ ಅವಳು ಸೌಟು ತಿರುಗಿಸುತ್ತಲೇ, “ನಿಮ್ಮ ಕಣ್ಣಿಗೆ ನನ್ನ ಮಿರ್ಚಿನೂ ಬೋಲ್ಟ್ ಕಂಡಂಗ ಕಾಣತೈತಿ ಏನ್ರೀ ಸರ?” ಎನ್ನುವಳು. ಇಡೀ ಬೀದಿ ನಗುತ್ತಿತ್ತು. ಅವರೂ ನಗುತ್ತಿದ್ದರು.

ಒಂದು ದಿನ ಅವಳು ಅಂಗಡಿ ಮುಚ್ಚುವ ಹೊತ್ತಿಗೆ ಬಾಣಲೆಯಲ್ಲಿ ಉಳಿದ ಕರ್ರಗಿನ ಎಣ್ಣೆಯನ್ನು ಚರಂಡಿಗೆ ಸುರಿಯುವುದನ್ನು ಇವರು ನೋಡಿದರು. ಅಷ್ಟೇ. ಮಾರನೆಯ ದಿನ ಒಂದು ಕ್ಯಾನು ತೆಗೆದುಕೊಂಡು ಹೋಗಿ ಅವಳ ಮುಂದೆ ಇಟ್ಟರು.

“ಇನ್ಮೇಲೆ ಇದಕ್ಕೆ ಸುರಿಯಮ್ಮಾ.”

“ಸುಟ್ಟ ಎಣ್ಣಿ ಒಯ್ದು ಏನ್ ಮಾಡ್ತೀರಿ ಸರ?”

“ಅದಕ್ಕೆ ಇನ್ನೊಂದು ಕೆಲಸ ಕೊಡ್ತೀನಿ. ರಿಟೈರ್ ಆದವನ ಕಷ್ಟ ರಿಟೈರ್ ಆದವನಿಗೇ ಗೊತ್ತು.”

ಅವರ ಯೋಜನೆ ದೊಡ್ಡದೇನಲ್ಲ. ನಮ್ಮ ಬೀದಿಗೆಲ್ಲ ಒಂದೇ ಬೋರ್‌ವೆಲ್ಲು. ಬೇಸಿಗೆಯಲ್ಲಿ ಕರೆಂಟು ಹೋದರೆ ನೀರಿಲ್ಲ, ಕೊಡಗಳ ಸಾಲು, ಜಗಳ. ಗುಜರಿಯಿಂದ ಅವರು ಹ್ಯಾಂಡಲ್ ತಿರುಗಿಸಿ ಶುರು ಮಾಡುವ ಒಂದು ಹಳೇ ಡೀಸೆಲ್ ಎಂಜಿನ್ನು ತಂದು, ಬಿಚ್ಚಿ, ತೊಳೆದು, ಕೂಡಿಸಿ ಬೋರ್‌ವೆಲ್ಲಿನ ಪಕ್ಕ ಕೂರಿಸಿದ್ದರು. ಅದಕ್ಕೆ ಡೀಸೆಲ್ ಬದಲು ಬೀದಿಯದೇ ಸುಟ್ಟ ಎಣ್ಣೆಯಿಂದ ಮನೆಯಲ್ಲಿ ಮಾಡಿದ ಇಂಧನ ಹಾಕಬೇಕು, ಕರೆಂಟು ಇರಲಿ ಬಿಡಲಿ ಬೀದಿಗೆ ನೀರು ಬರಬೇಕು. ಎಣ್ಣೆ ಸೋಸಿ, ಬೆಚ್ಚಗೆ ಮಾಡಿ, ಮೆಥನಾಲು ಮತ್ತು ಒಂದಿಷ್ಟು ಕಾಸ್ಟಿಕ್ ಸೋಡಾ ಸೇರಿಸಿ ಕಲಕಿದರೆ ಕೆಳಗೆ ಗ್ಲಿಸರಿನ್ ಇಳಿಯುತ್ತದಂತೆ, ಮೇಲೆ ಡೀಸೆಲಿನಂಥದ್ದೇ ಇಂಧನ ನಿಲ್ಲುತ್ತದಂತೆ. ಇದಕ್ಕಾಗಿ ಒಂದು ಸ್ಟೀಲ್ ಹಂಡೆ ಮಾಡಿದರು. ಬಿಗಿಯಾದ ಮುಚ್ಚಳ, ಮುಚ್ಚಳದಿಂದ ಹೊರಟು ಸುರುಳಿ ಸುತ್ತಿದ ಒಂದು ಪೈಪು. ಮಿಕ್ಕ ಮೆಥನಾಲು ಆವಿಯಾಗಿ ಹೋಗದೆ ಆ ಪೈಪಿನಲ್ಲಿ ತಣಿದು ವಾಪಸ್ ಬರಲಿ ಎಂದು. ಬೆಸುಗೆ ಎಲ್ಲಿದೆ ಎಂದು ಬೆರಳಾಡಿಸಿ ಹುಡುಕಿದರೂ ಸಿಗದು. ಅಂಥ ಕೈ ಅವರದು.

ಹಂಡೆ ರೆಡಿಯಾಯಿತು. ಎಂಜಿನ್ ರೆಡಿಯಾಯಿತು. ಕ್ಯಾನುಗಳಲ್ಲಿ ಎಣ್ಣೆ ತುಂಬಿತು. ಆದರೆ ಒಲೆ ಮಾತ್ರ ಹೊತ್ತಲಿಲ್ಲ. ಮೆಥನಾಲು ವಿಷ, ಬೆಂಕಿಗೂ ಹತ್ತಿರ. ಅದನ್ನು ಕೊಳ್ಳಲು, ಇಟ್ಟುಕೊಳ್ಳಲು ಪರವಾನಗಿ ಬೇಕು, ಇಂಧನ ಮಾಡಲು ಇನ್ನೊಂದು ಬೇಕು. ನಾನು ಹೇಳಿದೆ:

“ಒಂದು ಕ್ಯಾನ್ ಎಲ್ಲಾದ್ರೂ ಹೊಂದಿಸಿಬಿಡಿ ಸಾರ್. ಯಾರು ಕೇಳ್ತಾರೆ?”

ಅವರು ನನ್ನನ್ನು ನೋಡಿದ ನೋಟ ಇನ್ನೂ ನೆನಪಿದೆ. “ಯಾರು ಕೇಳ್ತಾರೆ ಅಂತ ಮಷಿನ್ನಿನ ಗಾರ್ಡ್ ತೆಗೆದಿಟ್ಟು ಕೆಲಸ ಮಾಡಿದವರ ಬೆರಳನ್ನ ನಾನು ಕರ್ಚೀಫಲ್ಲಿ ಸುತ್ತಿ ಆಸ್ಪತ್ರೆಗೆ ತಗೊಂಡು ಹೋಗಿದೀನಿ ಕಣಯ್ಯಾ. ಟೂಲ್‌ರೂಮಲ್ಲಿ ಡ್ರಾಯಿಂಗ್ ಬರೋವರೆಗೂ ಮಷಿನ್ ಆನ್ ಮಾಡಂಗಿಲ್ಲ. ಇದಕ್ಕೂ ಅಷ್ಟೇ. ಪರ್ಮಿಟ್ಟೇ ಡ್ರಾಯಿಂಗು. ಡ್ರಾಯಿಂಗ್ ಬರಲಿ.”

ಅಂದಿನಿಂದ ಅದೇ ಬೀದಿಯ ಮಾತಾಯಿತು. ಹಾಲು ತರಲು ಹೊರಟವರೆಲ್ಲ “ಡ್ರಾಯಿಂಗ್ ಬಂತಾ ಸಾರ್?” ಎನ್ನುವರು. ಅವರು ಕೈ ಎತ್ತಿ “ಬರುತ್ತೆ, ಬರುತ್ತೆ” ಎನ್ನುವರು.

ಬರಲಿಲ್ಲ. ಅರ್ಜಿ ಬರೆಯಲು ನನ್ನ ಅಂಗಡಿಗೇ ಬಂದಿದ್ದರು. ನಾನು ಬರೆದೆ. ಅವರು ಕನ್ನಡಕ ಮೂಗಿನ ತುದಿಗೆ ಇಳಿಸಿ ಅಕ್ಷರ ಅಕ್ಷರ ಓದಿ, “ಅಕ್ಷರ ಚೆನ್ನಾಗಿದೆ” ಎಂದರು. ಅದು ಅವರ ದೊಡ್ಡ ಸರ್ಟಿಫಿಕೇಟು. ಆಮೇಲೆ ಕಾಗದದ ಬಲ ಮೂಲೆಯಲ್ಲಿ ಸ್ಕೇಲಿಟ್ಟು ಒಂದು ಪುಟ್ಟ ಚೌಕ ಎಳೆದು, ಅದನ್ನು ಎರಡು ಭಾಗ ಮಾಡಿದರು. ಒಂದರಲ್ಲಿ ‘ಬರೆದವರು’, ಇನ್ನೊಂದರಲ್ಲಿ ‘ಚೆಕ್ ಮಾಡಿದವರು’.

“ಇದೆಲ್ಲ ಅರ್ಜೀಲಿ ಇರಲ್ಲ ಸಾರ್” ಎಂದು ನಕ್ಕೆ.

“ಡ್ರಾಯಿಂಗಲ್ಲಿ ಇರುತ್ತೆ. ಬರೆದವನು ಒಬ್ಬ, ಚೆಕ್ ಮಾಡಿದವನು ಇನ್ನೊಬ್ಬ. ಪೀಸ್ ರಿಜೆಕ್ಟ್ ಆಯ್ತು ಅಂದ್ಕೋ, ಮೊದಲು ಯಾರನ್ನ ಕೇಳ್ತೀವಿ?”

“ಬರೆದವನನ್ನ.”

“ಅಲ್ಲ. ಚೆಕ್ ಮಾಡಿದವನನ್ನ. ತಪ್ಪು ಎಲ್ಲರ ಕೈಯಲ್ಲೂ ಆಗುತ್ತೆ. ಅದನ್ನ ನೋಡಿ ಸೈನ್ ಹಾಕಿದವನು ಯಾಕೆ ಹಾಕಿದ?”

ನಾನು ಆ ಚೌಕವಿಲ್ಲದ ಹೊಸ ಫಾರಂ ಪ್ರಿಂಟ್ ತೆಗೆದು ಅದರಲ್ಲಿ ಮತ್ತೆ ಬರೆದೆ. ಅರ್ಜಿ ಹೋಯಿತು. ಆಮೇಲೆ ಶುರುವಾಯಿತು ನೋಡಿ ಅಲೆದಾಟ. ಒಬ್ಬರು ಮಾಲಿನ್ಯದವರನ್ನು ಕೇಳಿ ಎಂದರು, ಅವರು ಬೆಂಕಿಯವರನ್ನು ಕೇಳಿ ಎಂದರು, ಬೆಂಕಿಯವರು ಕೈಗಾರಿಕೆಯವರ ಕಡೆ ಕೈ ತೋರಿಸಿದರು. “ಕಾರ್ಖಾನೆ ಹೆಸರೇನು?” “ಕಾರ್ಖಾನೆ ಅಲ್ಲ ಸಾರ್, ಮನೆ.” “ಮನೆಗೆ ಕಾಲಂ ಇಲ್ಲವಲ್ಲ ಯಜಮಾನ್ರೇ.” ಆ ಕಚೇರಿಯವರನ್ನೂ ದೂರುವಂತಿಲ್ಲ. ಮನೆಯಲ್ಲಿ ಕೂತು ಇಂಧನ ಮಾಡುತ್ತೇನೆ, ಪರವಾನಗಿ ಕೊಡಿ ಎಂದು ಕಾಗದ ಹಿಡಿದು ಹೋದ ಮೊದಲ ಮನುಷ್ಯ ಬಹುಶಃ ಇವರೇ. ಸುಮ್ಮನೆ ಮಾಡಿಕೊಳ್ಳುವವರು ಕೇಳುವುದಿಲ್ಲ, ಕೇಳುವವರಿಗೆ ಕಾಲಂ ಇಲ್ಲ.

ಅರ್ಜಿ ಮೂರು ಸಲ ವಾಪಸ್ ಬಂತು. ನಾನು ಬರೆದ ಅರ್ಜಿ! ಅಂಗಡಿಯ ಮುಂದೆ ಇಬ್ಬರು ಗಿರಾಕಿಗಳು ನಿಂತಿದ್ದಾಗಲೇ ಫೋರ್ಮನ್ನರು ಮೂರನೆಯ ಸಲ ಅದನ್ನು ತಂದು ಮೇಜಿನ ಮೇಲೆ ಇಟ್ಟರು. ನನಗೆ ಮೈಯೆಲ್ಲ ಉರಿಯಿತು. ಕೊಡಿ ಇಲ್ಲಿ ಎಂದು ಕಿತ್ತುಕೊಂಡು, ‘ತಯಾರಿಸುವ ವಸ್ತು’ ಎಂಬ ಕಡೆ ‘ಜೈವಿಕ ಇಂಧನ’ ಎಂದಿದ್ದನ್ನು ಹೊಡೆದುಹಾಕಿ ‘ಎಣ್ಣೆ’ ಎಂದು ಬರೆದೆ.

“ಏನಯ್ಯಾ ಇದು?”

“ಇಂಧನ ಅಂದ್ರೆ ಎಲ್ಲರೂ ಬೆಚ್ಚಿಬೀಳ್ತಾರೆ ಸಾರ್. ಎಣ್ಣೆ ಅಂತ ಹಾಕಿ. ಗಾಣದ ಎಣ್ಣೆ ಥರ ಗೃಹ ಕೈಗಾರಿಕೆ ಅಂದ್ಕೊಂಡು ಕಣ್ಣು ಮುಚ್ಚಿ ಸೀಲ್ ಹೊಡೀತಾರೆ.”

“ಹಂಡೆ ಒಳಗೆ ಹೋಗೋದು ಎಣ್ಣೆ. ಹೊರಗೆ ಬರೋದು ಇಂಧನ. ಎರಡೂ ಒಂದೇ ಅಲ್ಲ ಕಣಯ್ಯಾ.”

“ಸಾರ್, ಹಂಡೆ ನಿಮ್ಮದು, ಭಾಷೆ ನಂದು. ಇಪ್ಪತ್ತು ವರ್ಷದಿಂದ ಮಾಡ್ತಾ ಇದೀನಿ.”

ಅವರು ಆ ಪದದ ಮೇಲೆ ಬೆರಳಿಟ್ಟು ಇನ್ನೊಮ್ಮೆ ಓದಿದರು. ಆಮೇಲೆ, “ಆಯ್ತು. ಅವರವರ ಮಷಿನ್ ಅವರವರಿಗೆ ಗೊತ್ತು” ಎಂದು ಸಹಿ ಹಾಕಿದರು. ಆದರೆ ಬೇರೆ ಕಾಲಮುಗಳಲ್ಲಿ ಒಂದಕ್ಷರ ಬದಲಿಸಲು ಬಿಡಲಿಲ್ಲ. ಬಳಸುವ ಸಾಮಗ್ರಿ ಎಂದಿರುವಲ್ಲಿ ಮೆಥನಾಲಿನ ಪೂರ್ತಿ ಹೆಸರೇ ಇರಬೇಕೆಂದು ಹಟ ಹಿಡಿದು ‘ಮೀಥೈಲ್ ಆಲ್ಕೋಹಾಲ್’ ಎಂದು ಮೊದಲಿದ್ದದ್ದನ್ನೇ ಉಳಿಸಿದರು. ಸ್ಥಳ: ಮನೆಯ ಹಿಂಭಾಗ. ಉದ್ದೇಶ: ಸ್ವಂತ ಬಳಕೆಗೆ.

ಆ ಅರ್ಜಿ ವಾಪಸ್ ಬರಲಿಲ್ಲ. ಯಾವ ಮೇಜಿನಿಂದ ಯಾವ ಮೇಜಿಗೆ ಹೋಯಿತೋ, ತಿಂಗಳ ಮೇಲೆ ಒಂದು ಶನಿವಾರ ಬೆಳಿಗ್ಗೆ ಹನ್ನೊಂದಕ್ಕೆ ಅಬಕಾರಿಯವರ ಜೀಪು ಬಂದು ಅವರ ಗೇಟಿನ ಮುಂದೆ ನಿಂತಿತು. ನಾನು ಅಂಗಡಿ ಬಾಗಿಲು ಎಳೆದು ಬೀಗದಕೈ ಹಿಡಿದುಕೊಂಡೇ ಓಡಿದೆ. ಅಷ್ಟರಲ್ಲಿ ಬೀದಿಯೇ ಅಲ್ಲಿತ್ತು. ಮಿರ್ಚಿ ಅಕ್ಕ ಕೈಯ ಹಿಟ್ಟು ಕೂಡ ತೊಳೆಯದೆ ಬಂದಿದ್ದಳು. ಬಂದ ಅಧಿಕಾರಿ ಮರ್ಯಾದಸ್ಥ. ಚಪ್ಪಲಿ ಬಿಟ್ಟು ಜಗುಲಿಯ ಮೇಲೆ ಕೂತು, ಅರ್ಜಿಯನ್ನು ಬಿಚ್ಚಿ, ಎಲ್ಲರಿಗೂ ಕೇಳುವಂತೆ ಓದಿದ.

“ತಯಾರಿಸುವ ವಸ್ತು, ಎಣ್ಣೆ. ಬಳಸುವ ಸಾಮಗ್ರಿ, ಮೀಥೈಲ್ ಆಲ್ಕೋಹಾಲ್. ಸ್ಥಳ, ಮನೆ ಹಿಂದೆ. ಉದ್ದೇಶ, ಸ್ವಂತ ಬಳಕೆಗೆ.”

ಬೆಂಗಳೂರಿನಲ್ಲಿ ಎಣ್ಣೆ ಎಂದರೆ ಏನೆಂದು ನಾನು ಹೇಳಬೇಕಾಗಿಲ್ಲ. ಸಂಜೆ ‘ಎಣ್ಣೆ ಹಾಕೋಣ ಬಾ ಮಗಾ’ ಎಂದು ಕರೆದರೆ ಯಾರೂ ತಲೆಗೆ ಹಚ್ಚಿಕೊಳ್ಳಲು ಹೋಗುವುದಿಲ್ಲ. ಇದು ನನಗೆ ಗೊತ್ತಿರಲಿಲ್ಲವೇ? ದಿನಕ್ಕೆ ಹತ್ತು ಸಲ ಕಿವಿಗೆ ಬೀಳುವ ಮಾತು. ಬರೆಯುವಾಗ ಮಾತ್ರ ಹೊಳೆಯಲಿಲ್ಲ. ಹೊಳೆಯದಷ್ಟು ಜಂಬ ತಲೆಗೇರಿತ್ತು.

ಬೀದಿ ಘೊಳ್ಳೆಂದು ನಕ್ಕಿತು. ಅಧಿಕಾರಿಗೂ ತುಟಿಯಂಚಿನಲ್ಲಿ ನಗು. ಫೋರ್ಮನ್ನರು ಜೀವಮಾನದಲ್ಲಿ ಒಂದು ತೊಟ್ಟು ಕುಡಿದವರಲ್ಲ. ಅವರ ಅಪ್ಪ ಕುಡಿದೇ ಸತ್ತರಂತೆ, ಅದಕ್ಕೇ ಆ ವಾಸನೆ ಬಂದರೂ ಎದ್ದು ಹೋಗುತ್ತಿದ್ದರು. ಅಧಿಕಾರಿ ಒಳಗೆ ಹೋಗಿ ನೋಡಿದರೆ ಬಿಗಿಯಾದ ಮುಚ್ಚಳದ ಹಂಡೆ, ಮೇಲೊಂದು ಸುರುಳಿ ಪೈಪು. ಯಾರ ಕಣ್ಣಿಗಾದರೂ ಅದು ಭಟ್ಟಿಯೇ.

“ಇದರಲ್ಲಿ ಇನ್ನೂ ಏನೂ ಕಾಯಿಸಿಲ್ಲ ಸಾರ್. ನೀವೇ ನೋಡಿ, ತಳ ಬೆಂಕಿ ಕಂಡಿಲ್ಲ” ಎಂದರು ಫೋರ್ಮನ್ನರು.

“ಅದು ಸರಿ. ಆದ್ರೆ ಈ ಎಣ್ಣೆ ಅಂತ ಬರೆದಿದ್ದು ಯಾರು ಯಜಮಾನ್ರೇ?”

ನಾನು ಗೇಟಿಗೆ ಒರಗಿ ನಿಂತಿದ್ದೆ. ಫೋರ್ಮನ್ನರ ಕಣ್ಣು ಒಂದು ಕ್ಷಣ ನನ್ನ ಮೇಲೆ ಬಂತು. ‘ನಾನು ಸಾರ್, ನನ್ನ ತಪ್ಪು, ಅವರು ಇಂಧನ ಅಂತಲೇ ಹೇಳಿದ್ದರು’ ಎನ್ನಲು ಎಷ್ಟು ಹೊತ್ತು ಬೇಕು? ನನ್ನ ಗಿರಾಕಿಗಳೆಲ್ಲ ಅಲ್ಲೇ ಇದ್ದರು. ಇವನು ಬರೆದದ್ದರಿಂದ ಜೀಪು ಬಂತಂತೆ ಎಂದರೆ ನಾಳೆಯಿಂದ ನನ್ನ ಅಂಗಡಿಗೆ ಯಾರು ಬರುತ್ತಾರೆ? ನಾನು ಬೀಗದಕೈ ನೋಡಿಕೊಂಡು ನಿಂತೆ.

“ನಾನೇ ಚೆಕ್ ಮಾಡಿ ಸೈನ್ ಹಾಕಿದ್ದು ಸಾರ್. ನನ್ನದೇ ತಪ್ಪು” ಎಂದರು ಅವರು.

ಪರೀಕ್ಷೆಗೆಂದು ಹಂಡೆಯನ್ನು ಜೀಪಿಗೆ ಹಾಕಿಕೊಂಡರು, ರಸೀದಿ ಕೊಟ್ಟರು. ಕೆಲವು ವಾರಗಳ ಮೇಲೆ ಏನೂ ದೋಷವಿಲ್ಲ ಎಂದು ಕಾಗದವೂ ಬಂತು, ಹಂಡೆಯೂ ಬಂತು. ಎತ್ತಿ ಇಳಿಸುವಾಗ ಎಲ್ಲೋ ಬಿದ್ದು ಸುರುಳಿ ಪೈಪು ನಜ್ಜುಗುಜ್ಜಾಗಿತ್ತು. ಅವರು ಅದನ್ನು ತಟ್ಟಿ ಸರಿ ಮಾಡುತ್ತಾರೆ ಎಂದುಕೊಂಡಿದ್ದೆ. ಮಾಡಲಿಲ್ಲ. ಶೆಡ್ಡಿನ ಮೂಲೆಯಲ್ಲಿ ಬೋರಲು ಹಾಕಿದರು.

ಕಾಗದ ದೋಷವಿಲ್ಲ ಎಂದರೂ ಬೀದಿಯ ನಾಲಿಗೆ ಕೇಳಬೇಕಲ್ಲ. ‘ಡ್ರಾಯಿಂಗ್ ಬಂತಾ ಸಾರ್’ ಹೋಗಿ ‘ಎಣ್ಣೆ ಬಂತಾ ಸಾರ್’ ಆಯಿತು. ಒಂದು ಸಂಜೆ ಅವರು ಎಂದಿನಂತೆ ಕ್ಯಾನು ಹಿಡಿದು ಮಿರ್ಚಿ ಅಂಗಡಿಗೆ ಹೋಗಿದ್ದಾಗ ಬಾಣಲೆ ಪಕ್ಕ ನಿಂತಿದ್ದ ಒಬ್ಬ, “ಗುರುಗಳೇ, ಸ್ವಂತ ಬಳಕೆಗೆ ಅಂತ ಪೂರ್ತಿ ನೀವೇ ಮುಗಿಸಬೇಡಿ, ನಮಗೂ ಒಂದು ಕ್ವಾರ್ಟರ್ ಇಡಿ” ಎಂದ.

“ಏ, ಬಾಯಿ ಮುಚ್ಚಲೇ! ಯಾರಿಗೆ ಏನ್ ಮಾತಾಡ್ತಿ?” ಎಂದು ಮಿರ್ಚಿ ಅಕ್ಕ ಸೌಟು ಎತ್ತಿದಳು. ಫೋರ್ಮನ್ನರು ಖಾಲಿ ಕ್ಯಾನನ್ನು ಮೆಲ್ಲಗೆ ಕೆಳಗಿಟ್ಟು ಮನೆಗೆ ಹೋದರು. ಮತ್ತೆ ಬರಲಿಲ್ಲ. ಅವಳು ವಾರಗಟ್ಟಲೆ ಎಣ್ಣೆ ಸೋಸಿ ಇಟ್ಟು ಕಾದಳು. ಕೊನೆಗೆ ಒಂದು ದಿನ ಅದು ಮತ್ತೆ ಚರಂಡಿಗೆ ಹೋಗುವುದನ್ನು ನಾನೇ ಕಂಡೆ. “ನಾ ಏನ್ ಮಾಡ್ಲಿ ಅಣ್ಣಾ, ಒಯ್ಯವ್ರ ಬರಲಿಲ್ಲ ಅಂದ್ರ” ಎಂದಳು.

ಅದಾದ ಮೇಲೆ ಒಂದು ಸಲ ಫೋರ್ಮನ್ನರು ನನ್ನ ಅಂಗಡಿಗೆ ಬಂದರು. ಕೈಯಲ್ಲಿ ಒಂದು ಫೈಲು.

“ಇನ್ನೊಂದು ಅರ್ಜಿ ಹಾಕೋಣ ಅಂತ ಕಣಯ್ಯಾ. ಈ ಸಲ ಸರಿಯಾಗಿ ಬರೆಯೋಣ.”

ಅವರ ಮುಖ ನೋಡುವ ಧೈರ್ಯ ನನಗಿರಲಿಲ್ಲ. “ಪ್ರಿಂಟರ್ ಕೆಟ್ಟಿದೆ ಸಾರ್” ಎಂದುಬಿಟ್ಟೆ.

ಕೆಟ್ಟ ಮಷಿನ್ನಿನ ಸುದ್ದಿಯನ್ನು ಯಾರಿಗೆ ಹೇಳಿದೆ ನೋಡಿ! ಅವರ ಮುಖ ಒಂದಿಷ್ಟು ಅರಳಿತು. “ಅಯ್ಯೋ, ಅಷ್ಟೇ ತಾನೇ? ತೋರಿಸು” ಎಂದು ಒಳಗೆ ಬಂದು, ಮುಚ್ಚಳ ತೆಗೆದು, ರೋಲರ್ ತಿರುಗಿಸಿ, ಕಾರ್ಟ್ರಿಜ್ ಎತ್ತಿ ಇಟ್ಟು, ಸ್ವಿಚ್ ಹಾಕಿದರು. ಪ್ರಿಂಟರ್ ಗುಯ್ಯೆಂದು ಒಂದು ಹಾಳೆಯನ್ನು ಅಚ್ಚುಕಟ್ಟಾಗಿ ಹೊರಗೆ ತಳ್ಳಿತು. ಅವರು ಆ ಹಾಳೆಯನ್ನು ನೋಡಿದರು, ನನ್ನನ್ನು ನೋಡಿದರು. ಕೈ ಒರೆಸಿಕೊಳ್ಳಲು ಜೇಬಿನಲ್ಲಿ ವೇಸ್ಟು ಹುಡುಕಿದರು.

“ಮಷಿನ್ನು ಚೆನ್ನಾಗಿದೆ. ಇದು ಬೇರೆ ರಿಪೇರಿ” ಎಂದರು. ಕೋಪವಿರಲಿಲ್ಲ. ಫೈಲು ತೆಗೆದುಕೊಂಡು ಹೋದರು.

ಆಮೇಲೆ ನಾನು ಅವರ ಕಣ್ಣು ತಪ್ಪಿಸಿಕೊಂಡು ಓಡಾಡಿದೆ. ಅವರ ಹೆಂಡತಿ ಮಾತ್ರ ಗೇಟಿನಲ್ಲಿ ಕಂಡಾಗಲೆಲ್ಲ, “ಕಾಫಿ ಕುಡಿದು ಹೋಗಿ” ಎನ್ನುತ್ತಲೇ ಇದ್ದರು. ಪಾಪ, ಇವರಿಗೆ ಏನೂ ಗೊತ್ತಿಲ್ಲ ಎಂದುಕೊಂಡು ಗೇಟಿನಲ್ಲೇ ನಿಂತು ಬಿಸಿಬಿಸಿ ಗುಟುಕರಿಸಿ ಓಡಿಹೋಗುತ್ತಿದ್ದೆ. ಇಂದು ಹೇಳುತ್ತೇನೆ, ನಾಳೆ ಹೇಳುತ್ತೇನೆ ಎನ್ನುವಷ್ಟರಲ್ಲಿ ಒಂದು ಬೆಳಿಗ್ಗೆ ಫೋರ್ಮನ್ನರು ಶೆಡ್ಡಿನಲ್ಲಿ ಕುರ್ಚಿಯ ಮೇಲೆ ಕೂತವರು ಏಳಲಿಲ್ಲ. ಹೃದಯ ಎಂದರು ಡಾಕ್ಟರು.

ವೈಕುಂಠ ಸಮಾರಾಧನೆ ಕಳೆದು ಕೆಲವು ದಿನಗಳ ಮೇಲೆ ಅವರ ಹೆಂಡತಿ ಹೇಳಿ ಕಳಿಸಿದರು. ಹೋದೆ. ಕಾಫಿ ತಂದಿಟ್ಟು, ಒಂದು ಫೈಲು ಕೈಗೆ ಕೊಟ್ಟರು. ಅವತ್ತು ಅಂಗಡಿಗೆ ತಂದಿದ್ದ ಅದೇ ಫೈಲು. ಒಳಗೆ ಪೂರ್ತಿ ಅವರ ಕೈಬರಹದ ಹೊಸ ಅರ್ಜಿ. ಸಾಮಗ್ರಿ, ಸ್ಥಳ, ಅಳತೆ, ಬೆಂಕಿಗೆ ಮುನ್ನೆಚ್ಚರಿಕೆ, ಎಲ್ಲ ಮಿಲಿಮೀಟರ್ ಲೆಕ್ಕದಲ್ಲಿ. ‘ತಯಾರಿಸುವ ವಸ್ತು’ ಎಂಬ ಒಂದು ಜಾಗ ಮಾತ್ರ ಖಾಲಿ. ಬಲ ಮೂಲೆಯಲ್ಲಿ ಸ್ಕೇಲಿಟ್ಟು ಎಳೆದ ಪುಟ್ಟ ಚೌಕ. ‘ಚೆಕ್ ಮಾಡಿದವರು’ ಎಂಬ ಕಡೆ ಅವರ ಸಹಿ. ‘ಬರೆದವರು’ ಎಂಬ ಕಡೆ ಏನೂ ಇಲ್ಲ.

“ಆ ಪದ ನೀವೇ ಬರೀಬೇಕಂತೆ. ಅದಕ್ಕೇ ಬಿಟ್ಟಿದೀನಿ ಅಂತಿದ್ರು” ಎಂದರು ಅವರು.

ನನಗೆ ತಡೆಯಲಾಗಲಿಲ್ಲ. ಅಳು ಬಂತು. “ಅಮ್ಮಾ, ಅವತ್ತು ಎಣ್ಣೆ ಅಂತ ಬರೆದಿದ್ದು ನಾನು. ಅವರು ಬೇಡ ಅಂದ್ರೂ ಬರೆದೆ. ಜೀಪು ಬಂದಾಗ ಬಾಯಿ ಬಿಡಲಿಲ್ಲ” ಎಂದೆ.

“ಗೊತ್ತು” ಎಂದರು.

ನಾನು ತಲೆ ಎತ್ತಿದೆ.

“ಅವತ್ತು ಸಾಯಂಕಾಲಾನೇ ಹೇಳಿದ್ರು. ನಂಗೆ ನಿಮ್ಮ ಮೇಲೆ ಎಷ್ಟು ಸಿಟ್ಟು ಬಂದಿತ್ತು ಗೊತ್ತಾ? ಅವನಿಗೆ ಕಾಫಿ ಕೊಡೋದು ಮಾತ್ರ ನಿಲ್ಲಿಸಬೇಡ, ಒಂದಿನ ಅವನೇ ಬಂದು ಹೇಳ್ತಾನೆ ಅಂದ್ರು. ದಿನಾ ರಾತ್ರಿ ಊಟಕ್ಕೆ ಕೂತಾಗ ಕೇಳ್ತಿದ್ರು, ಇವತ್ತು ಬಂದಿದ್ನಾ ಅಂತ. ಬಂದಿದ್ರು, ನಿಂತ್ಕೊಂಡೇ ಕಾಫಿ ಕುಡಿದು ಹೋದ್ರು ಅಂತಿದ್ದೆ.”

ಫೋರ್ಮನ್ನರಿಗೆ ನನ್ನಿಂದ ಬೇಕಾಗಿದ್ದದ್ದು ಪರ್ಮಿಟ್ಟಲ್ಲ, ಒಂದು ಮಾತು. ಅದಕ್ಕೂ ಕಾಯಿಸಿದೆ. ಪೆನ್ನು ತೆಗೆದು ಖಾಲಿ ಜಾಗದಲ್ಲಿ ‘ಇಂಧನ’ ಎಂದು ಬರೆದೆ. ಬಲ ಮೂಲೆಯಲ್ಲಿ, ‘ಬರೆದವರು’ ಎಂಬ ಕಡೆ, ನನ್ನ ಸಹಿ ಹಾಕಿದೆ.

“ಈಗ ಕೊಟ್ರೆ ತಗೋತಾರಾ?” ಎಂದು ಕೇಳಿದರು ಅವರ ಹೆಂಡತಿ.

“ಇಲ್ಲಮ್ಮಾ. ಅರ್ಜಿದಾರರು ಇರಬೇಕು.”

ಅವರು ಫೈಲನ್ನು ತೆಗೆದುಕೊಂಡು, ಗಂಡನ ಹಾಗೆಯೇ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ ನಾನು ಬರೆದ ಆ ಮೂರಕ್ಷರವನ್ನು ಓದಿದರು.

“ಅಕ್ಷರ ಚೆನ್ನಾಗಿದೆ” ಎಂದರು.